ದೂರದರ್ಶಕವನ್ನು ಕಟ್ಟುವ ವಿದ್ಯೆ

ಖಗೋಳ ವಿಜ್ಞಾನಿ ಎಂದೊಡನೆ ಗುಮ್ಮಟದ ಕೆಳಗೆ ಒಂಟಿಯಾಗಿ ಕುಳಿತು, ಇರುಳೆಲ್ಲ ದೂರದರ್ಶಕಕ್ಕೆ ಕಣ್ಣಿಟ್ಟಿರುವ ಮನುಷ್ಯನೊಬ್ಬನ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ಆ ದೂರದರ್ಶಕವನ್ನು ಮಾಡಿದವರಾರು ಎಂದು ಕೇಳುವವರು ಕಡಮೆ. ಹಿಂದೆ ಈ ಪ್ರಶ್ನೆಗೆ ಉತ್ತರ ಸುಲಭವಾಗಿತ್ತು: ನೋಡುವವನೇ ಮಾಡುತ್ತಿದ್ದನು. ಗೆಲಿಲಿಯೋ ತನ್ನ ಮಸೂರಗಳನ್ನು ತಾನೇ ಉಜ್ಜಿಕೊಂಡನು. ನ್ಯೂಟನ್ ತನ್ನ ದರ್ಪಣಕ್ಕೆ ಬೇಕಾದ ಮಿಶ್ರಲೋಹವನ್ನು ತಾನೇ ಕರಗಿಸಿ ಎರಕ ಹೊಯ್ದನು. ಸಂಗೀತಗಾರನಾಗಿದ್ದ ವಿಲಿಯಂ ಹರ್ಷಲ್ ಮನೆಯಲ್ಲಿಯೇ ಕನ್ನಡಿಗಳನ್ನು ನಯಗೊಳಿಸಿ, ತಾನು ಮಾಡಿದ ದೂರದರ್ಶಕದಿಂದಲೇ ೧೭೮೧ರಲ್ಲಿ ಯುರೇನಸ್ ಗ್ರಹವನ್ನು ಕಂಡನು.

ಇಂದಿನ ದೊಡ್ಡ ದೂರದರ್ಶಕವು ಒಬ್ಬನ ಕೈಯಲ್ಲಿ ಆಗತಕ್ಕ ಕೆಲಸವಲ್ಲ. ಉಕ್ಕಿನ ಕೆಲಸದವರು, ದ್ಯುತಿಶಾಸ್ತ್ರ ಬಲ್ಲವರು, ಎಲೆಕ್ಟ್ರಾನಿಕ್ಸ್ ಬಲ್ಲವರು, ಗಣಕಯಂತ್ರದವರು, ಹಣದ ಲೆಕ್ಕ ಇಡುವವರು ಇವರೆಲ್ಲರೂ ವರ್ಷಗಟ್ಟಲೆ ಕೂಡಿ ದುಡಿದರೆ ಮಾತ್ರ ಅದು ಮೇಲೇಳುತ್ತದೆ. ಆದುದರಿಂದ ಈ ಶಾಸ್ತ್ರವನ್ನು ಆರಿಸಿಕೊಂಡ ವಿದ್ಯಾರ್ಥಿಯು ಎರಡು ವಿದ್ಯೆಗಳನ್ನು ಕಲಿಯಬೇಕಾಗುತ್ತದೆ. ಉಪಕರಣವನ್ನು ಬುಡದಿಂದ ಕಟ್ಟುವುದು ಒಂದು. ಕಟ್ಟುವವರನ್ನು ಒಟ್ಟುಗೂಡಿಸಿಕೊಂಡು ಮುನ್ನಡೆಸುವುದು ಇನ್ನೊಂದು. ಇವೆರಡಕ್ಕೂ ಒಳ್ಳೆಯ ಪಠ್ಯಪುಸ್ತಕವಿಲ್ಲ. ದಡದ ಮೇಲೆ ಕುಳ್ಳಿರಿಸಿ ಈಜು ಕಲಿಸಲು ಬಾರದು. ಹಾಗಾದರೆ ಕಲಿತವರು ಹೇಗೆ ಕಲಿತರು?

ಕಂಬ ನೆಟ್ಟ ವಿದ್ಯಾರ್ಥಿನಿ

೧೯೬೫ರಲ್ಲಿ ಜೋಸೆಲಿನ್ ಬೆಲ್ ಎಂಬ ತರುಣಿ ಗ್ಲಾಸ್ಗೋ ವಿಶ್ವವಿದ್ಯಾನಿಲಯದ ಭೌತವಿಜ್ಞಾನ ಪದವಿ ಪಡೆದು, ಸಂಶೋಧನೆಗೆಂದು ಕೇಂಬ್ರಿಜ್ಜಿಗೆ ಬಂದರು. ಅವರ ಮಾರ್ಗದರ್ಶಕ ಆಂಟನಿ ಹ್ಯೂವಿಷ್ ಅವರಿಗೆ ಕ್ವೇಸಾರುಗಳನ್ನು ಹುಡುಕುವ ಒಂದು ಹೊಸ ಉಪಾಯ ಹೊಳೆದಿತ್ತು. ಆಕಾಶದಲ್ಲಿ ನಕ್ಷತ್ರಗಳು ಮಿನುಗುತ್ತವೆ, ಗ್ರಹಗಳು ಅಷ್ಟಾಗಿ ಮಿನುಗುವುದಿಲ್ಲ. ನಕ್ಷತ್ರವು ಬಿಂದುವಿನಂತಿರುವುದೂ ಗ್ರಹವು ಪುಟ್ಟ ತಟ್ಟೆಯಂತಿರುವುದೂ ಇದಕ್ಕೆ ಕಾರಣ. ರೇಡಿಯೋ ತರಂಗಗಳಲ್ಲಿಯೂ ಹೀಗೆಯೇ. ಸೂರ್ಯನಿಂದ ಹೊರಟ ವಿದ್ಯುದಾವೇಶದ ಕಣಗಳ ಪ್ರವಾಹವನ್ನು ಹಾದು ಬರುವಾಗ ಅತಿ ಸಣ್ಣ ಮೂಲದ ತರಂಗಗಳು ಮಿನುಗುತ್ತವೆ, ಅಗಲವಾದ ಮೂಲದವು ಮಿನುಗುವುದಿಲ್ಲ. ಮಿನುಗುವುದನ್ನು ಹಿಡಿದರೆ ಕ್ವೇಸಾರು ಸಿಕ್ಕಿತು. ಆದರೆ ಈ ಚಂಚಲತೆಯನ್ನು ಗುರುತಿಸಲು ವಿಶಾಲವಾದ, ಚುರುಕಾಗಿ ದಾಖಲಿಸುವ ದೂರದರ್ಶಕ ಬೇಕು. ಅಂಥದು ಇರಲಿಲ್ಲ. ಕಟ್ಟಬೇಕಾಯಿತು.

ಎರಡು ವರ್ಷ ಬೆಲ್ ಅವರು ಮಾಡಿದ್ದು ಇದೇ ಕೆಲಸ. ನಾಲ್ಕೂವರೆ ಎಕರೆ ಹೊಲದಲ್ಲಿ ಸಾವಿರಕ್ಕೂ ಮಿಕ್ಕಿ ಮರದ ಕಂಬಗಳನ್ನು ನೆಡಲಾಯಿತು. ಅವುಗಳ ನಡುವೆ ೨,೦೪೮ ಡೈಪೋಲುಗಳು. ಅವನ್ನು ಜೋಡಿಸಲು ಸುಮಾರು ೧೨೦ ಮೈಲಿ ತಂತಿ ಮತ್ತು ಕೇಬಲು. ನಾಲ್ಕೈದು ಜನರ ತಂಡ. ಬೇಸಗೆಯ ರಜೆಯಲ್ಲಿ ಬಂದ ಕೆಲವು ವಿದ್ಯಾರ್ಥಿಗಳ ನೆರವು. ಕೆಲಸ ಮುಗಿಯುವ ಹೊತ್ತಿಗೆ ದೊಡ್ಡ ಸುತ್ತಿಗೆಯನ್ನು ಎತ್ತಿ ಬೀಸುವುದು ಬೆಲ್ ಅವರಿಗೆ ಅಭ್ಯಾಸವಾಗಿತ್ತು. ೧೯೬೭ರ ಜುಲೈಯಲ್ಲಿ ದೂರದರ್ಶಕವು ಕೆಲಸಕ್ಕೆ ತೊಡಗಿದಾಗ, ಅದನ್ನು ನಡೆಸುವ ಮತ್ತು ಅದರ ದಾಖಲೆಗಳನ್ನು ಓದುವ ಹೊಣೆ ಪೂರ್ತಿಯಾಗಿ ಅವರ ಮೇಲೆಯೇ ಬಿದ್ದಿತು.

ದಿನವೊಂದಕ್ಕೆ ೯೬ ಅಡಿ ಉದ್ದದ ಕಾಗದದ ಮೇಲೆ ಲೇಖನಿಯು ಗೆರೆ ಎಳೆಯುತ್ತಿತ್ತು. ನಾಲ್ಕು ದಿನಕ್ಕೊಮ್ಮೆ ಆಕಾಶವನ್ನು ಪೂರ್ತಿ ಸುತ್ತಿ ಬಂದಂತಾಗುತ್ತಿತ್ತು. ಅಂದರೆ ಸುಮಾರು ೪೦೦ ಅಡಿ ಕಾಗದ. ಇದನ್ನೆಲ್ಲ ಕಣ್ಣಿನಿಂದಲೇ ಓದಬೇಕು. ಆಗಸ್ಟ್ ತಿಂಗಳ ಸುರುಳಿಯಲ್ಲಿ ಬೆಲ್ ಅವರಿಗೆ ಕಾಲಂಗುಲದಷ್ಟು ಜಾಗದಲ್ಲಿ ಒಂದು ಕಚ್ಚುಕಚ್ಚಾದ ಗುರುತು ಕಂಡಿತು. ಮಿನುಗುವ ಕ್ವೇಸಾರಿನ ಗುರುತು ಅದಾಗಿರಲಿಲ್ಲ. ಮನುಷ್ಯ ನಿರ್ಮಿತ ಗದ್ದಲವೂ ಅದಾಗಿರಲಿಲ್ಲ. ಇಂಥದನ್ನು ಹಿಂದೊಮ್ಮೆ, ಆಕಾಶದ ಇದೇ ಭಾಗದಲ್ಲಿ ನೋಡಿದ ನೆನಪು ಅವರಿಗಿತ್ತು.

ಇಲ್ಲಿ ವಾಚಕರು ಒಂದು ಕ್ಷಣ ನಿಲ್ಲಬೇಕು. ನಾನೂರು ಅಡಿಯಲ್ಲಿ ಕಾಲಂಗುಲ! ಅದನ್ನು ಗದ್ದಲವೆಂದು ತಳ್ಳಿಹಾಕಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ಆದರೆ ಮೋಟಾರಿನ ಕಿಡಿ ಹಾರಿದರೆ ಲೇಖನಿ ಹೇಗೆ ಕುಣಿಯುತ್ತದೆ, ಜೋಡಣೆ ಸಡಿಲವಾದರೆ ಹೇಗೆ ನಡುಗುತ್ತದೆ ಎಂಬುದು ಕೇಬಲುಗಳನ್ನು ಎಳೆದು ಜೋಡಿಸಿದವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ತನ್ನ ಉಪಕರಣದ ಸುಳ್ಳುಗಳನ್ನೆಲ್ಲ ಬಲ್ಲವರು ಮಾತ್ರ ಅದು ನಿಜ ನುಡಿದಾಗ ಗುರುತಿಸಬಲ್ಲರು.

ಇನ್ನೊಂದು ಸಾಕ್ಷ್ಯವೂ ಇತ್ತು. ಆ ಗುರುತು ಗಡಿಯಾರದ ಕಾಲವನ್ನು ಅನುಸರಿಸದೆ ನಕ್ಷತ್ರಗಳ ಕಾಲವನ್ನು ಅನುಸರಿಸುತ್ತಿತ್ತು. ಭೂಮಿಯು ತನ್ನ ಸುತ್ತ ತಿರುಗುವುದರ ಜತೆಗೆ ಸೂರ್ಯನನ್ನೂ ಸುತ್ತುವುದರಿಂದ, ಯಾವ ನಕ್ಷತ್ರವೇ ಆಗಲಿ ದಿನದಿನವೂ ಸುಮಾರು ನಾಲ್ಕು ನಿಮಿಷ ಮೊದಲೇ ನೆತ್ತಿಯ ರೇಖೆಗೆ ಬರುತ್ತದೆ. ಭೂಮಿಯ ಮೇಲಿನ ಯಂತ್ರಗಳು ಇಂಥ ಶಿಸ್ತನ್ನು ಪಾಲಿಸುವುದಿಲ್ಲ. ನವೆಂಬರಿನ ಕೊನೆಯಲ್ಲಿ ಕಾಗದವನ್ನು ವೇಗವಾಗಿ ಓಡಿಸಿ ದಾಖಲಿಸಿದಾಗ, ಆ ಕಚ್ಚುಗುರುತು ೧.೩೩೭ ಸೆಕೆಂಡಿಗೊಂದರಂತೆ ಬರುವ ಮಿಡಿತಗಳ ಸಾಲೆಂದು ತಿಳಿದುಬಂದಿತು.

ಹ್ಯೂವಿಷ್ ಅವರಿಗೆ ನಂಬುವುದು ಕಷ್ಟವಾಯಿತು, ಅದು ಸಹಜವೂ ಹೌದು. ತಮ್ಮದೇ ಉಪಕರಣದ ದೋಷವಾಗಿರಬಹುದೆಂದು, ಅಲ್ಲಿಯೇ ಇದ್ದ ಬೇರೊಂದು ದೂರದರ್ಶಕವನ್ನು ಅತ್ತ ತಿರುಗಿಸಿ ಎಲ್ಲರೂ ಕಾದರು. ಗೊತ್ತಾದ ಹೊತ್ತಿಗೆ ಏನೂ ಬರಲಿಲ್ಲ. ಮಾತನಾಡುತ್ತ ಹೊರಡುತ್ತಿದ್ದಾಗ, ಐದು ನಿಮಿಷ ತಡವಾಗಿ, ಮಿಡಿತಗಳು ಮೂಡಿದವು. ಬರುವ ಸಮಯದ ಲೆಕ್ಕದಲ್ಲಿ ಅಷ್ಟು ವ್ಯತ್ಯಾಸವಾಗಿತ್ತು. ಡಿಸೆಂಬರಿನಲ್ಲಿ ಬೆಲ್ ಅವರು ಆಕಾಶದ ಇನ್ನೊಂದು ಭಾಗದಲ್ಲಿ ಇಂಥದೇ ಎರಡನೆಯ ಮೂಲವನ್ನು ಕಂಡುಹಿಡಿದ ಮೇಲೆ ಸಂಶಯ ಉಳಿಯಲಿಲ್ಲ. ೧೯೬೮ರ ಫೆಬ್ರುವರಿಯಲ್ಲಿ ವಾರ್ತೆ ಪ್ರಕಟವಾಯಿತು. ಪಲ್ಸಾರ್ ಎಂದು ನಾವು ಕರೆಯುವ, ರಭಸದಿಂದ ತಿರುಗುವ ನ್ಯೂಟ್ರಾನು ನಕ್ಷತ್ರಗಳು ಮನುಷ್ಯನಿಗೆ ದೊರೆತುದು ಹೀಗೆ. ೧೯೭೪ರ ನೊಬೆಲ್ ಪಾರಿತೋಷಕವು ಹ್ಯೂವಿಷ್ ಮತ್ತು ಮಾರ್ಟಿನ್ ರೈಲ್ ಅವರಿಗೆ ಸಂದಿತು. ಬೆಲ್ ಅವರ ಹೆಸರು ಅದರಲ್ಲಿರಲಿಲ್ಲ. ಅದು ನ್ಯಾಯವೆಂದು ನನಗೆ ಎಂದೂ ತೋರಿಲ್ಲ. ೨೦೧೮ರಲ್ಲಿ ಅವರಿಗೆ ಮೂವತ್ತು ಲಕ್ಷ ಡಾಲರುಗಳ ಬಹುಮಾನವೊಂದು ಬಂದಾಗ, ಆ ಹಣವನ್ನೆಲ್ಲ ಅವರು ಸಂಶೋಧನ ವಿದ್ಯಾರ್ಥಿಗಳ ವೇತನಕ್ಕಾಗಿ ಕೊಟ್ಟುಬಿಟ್ಟರು.

ಈಗ ನಮ್ಮ ಕಾಲೇಜಿನ ಪ್ರಯೋಗಶಾಲೆಯ ಕಡೆ ತಿರುಗಿ ನೋಡಿ. ವರ್ಣದರ್ಶಕ ಮೇಜಿನ ಮೇಲೆ ಸಿದ್ಧವಾಗಿರುತ್ತದೆ. ಸೋಡಿಯಂ ಬೆಳಕಿನ ತರಂಗಾಂತರ ೫೮೯೩ ಆಂಗ್‌ಸ್ಟ್ರಮ್ ಎಂಬುದು ವಿದ್ಯಾರ್ಥಿಗೆ ಮೊದಲೇ ಗೊತ್ತು. ೫೯೬೦ ಬಂದರೆ ಅವನು ಏನು ಮಾಡುತ್ತಾನೆಂಬುದು ಅಧ್ಯಾಪಕರಾದ ನಮಗೂ ಗೊತ್ತು. ನಾವೂ ಒಂದು ಕಾಲಕ್ಕೆ ವಿದ್ಯಾರ್ಥಿಗಳಾಗಿದ್ದವರೇ. ಉತ್ತರ ತಿಳಿದಿರುವ ಪ್ರಯೋಗದಲ್ಲಿ ಉಪಕರಣವನ್ನು ಸಂಶಯಿಸುವ ಅಗತ್ಯವೇ ಬೀಳುವುದಿಲ್ಲ. ಕೇಂಬ್ರಿಜ್ಜಿನ ಹೊಲದಲ್ಲಿ ಬೆಲ್ ಅವರ ಮುಂದೆ ಉತ್ತರದ ಪುಟ ಇರಲಿಲ್ಲ.

ಉದಕಮಂಡಲದ ಇಳಿಜಾರು

ನಾಯಕತ್ವದ ವಿಷಯಕ್ಕೆ ಬರೋಣ. ಇದಕ್ಕೆ ದೂರದ ಉದಾಹರಣೆ ಬೇಕಾಗಿಲ್ಲ; ನಮ್ಮ ಗುಂಡ್ಲುಪೇಟೆಯ ಮಾರ್ಗವಾಗಿ ಘಟ್ಟ ಹತ್ತಿದರೆ ಸಿಗುವ ಉದಕಮಂಡಲದಲ್ಲಿಯೇ ಇದೆ.

ಗೋವಿಂದ ಸ್ವರೂಪರು ೧೯೨೯ರಲ್ಲಿ ಉತ್ತರ ಪ್ರದೇಶದಲ್ಲಿ ಹುಟ್ಟಿದರು. ಅಲಹಾಬಾದಿನಲ್ಲಿ ಎಂ.ಎಸ್‌ಸಿ. ಮುಗಿಸಿ, ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಕೆ. ಎಸ್. ಕೃಷ್ಣನ್ ಅವರ ಕೈಕೆಳಗೆ ಕೆಲಸಕ್ಕೆ ಸೇರಿದರು. ೧೯೫೩ರಲ್ಲಿ ಅವರನ್ನು ಆಸ್ಟ್ರೇಲಿಯದ ಸಿಡ್ನಿ ನಗರಕ್ಕೆ ಕಳುಹಿಸಲಾಯಿತು. ಅಲ್ಲಿ ರೇಡಿಯೋ ಖಗೋಳ ವಿಭಾಗದ ಮುಖಂಡರಾಗಿದ್ದ ಜೋಸೆಫ್ ಪಾಸಿ ಹೊಸಬರಿಗೆ ಮಾಡಿದ ಏರ್ಪಾಡು ಗಮನಿಸತಕ್ಕದ್ದು. ಒಂದೇ ಗುಂಪಿಗೆ ಸೇರಿಸದೆ, ಮೂರು ಮೂರು ತಿಂಗಳಂತೆ ಬೇರೆ ಬೇರೆ ಗುಂಪುಗಳಲ್ಲಿ ದುಡಿಯಲು ಬಿಟ್ಟರು. ಒಬ್ಬರು ಸೂರ್ಯನನ್ನು ನೋಡುವವರು, ಇನ್ನೊಬ್ಬರು ದೂರದ ಮೂಲಗಳನ್ನು ಅಳೆಯುವವರು. ಒಬ್ಬೊಬ್ಬರ ಉಪಕರಣವೂ ಒಂದೊಂದು ಬಗೆ. ಮುಂದೆ ದೊಡ್ಡ ತಂಡವೊಂದನ್ನು ನಡೆಸುವವನಿಗೆ ಇದಕ್ಕಿಂತ ಒಳ್ಳೆಯ ಪಾಠ ಯಾವುದಿದೆ? ಗ್ರಾಹಕ ಮಾಡುವವನ ಕಷ್ಟ ಆಂಟೆನಾ ಮಾಡುವವನಿಗೆ ತಿಳಿದಿರಬೇಕು. ಇಬ್ಬರ ಕಷ್ಟವೂ ಮುಖಂಡನಿಗೆ ತಿಳಿದಿರಬೇಕು.

ಎರಡನೆಯ ವರ್ಷ ಸ್ವರೂಪರಿಗೆ ಸ್ವತಂತ್ರವಾದ ಕೆಲಸ ದೊರೆಯಿತು. ಸಿಡ್ನಿಯ ಹತ್ತಿರ ಕ್ರಿಶ್ಚಿಯನ್ಸನ್ ಎಂಬವರು ಸೂರ್ಯನ ವೀಕ್ಷಣೆಗಾಗಿ ಆರಡಿ ವ್ಯಾಸದ ೩೨ ತಟ್ಟೆಗಳನ್ನು ಸಾಲಾಗಿ ನಿಲ್ಲಿಸಿದ್ದರು. ೨೧ ಸೆಂಟಿಮೀಟರ್ ತರಂಗಕ್ಕೆ ಹೊಂದಿಸಿದ್ದ ಆ ಸಾಲನ್ನು ೬೦ ಸೆಂಟಿಮೀಟರಿಗೆ ಮಾರ್ಪಡಿಸುವುದು ಅವರ ಮತ್ತು ಇನ್ನೊಬ್ಬ ಭಾರತೀಯರ ಪಾಲಿಗೆ ಬಂದಿತು. ಕೆಲಸ ಮುಗಿದ ಮೇಲೆ ಆ ತಟ್ಟೆಗಳು ಅಲ್ಲಿಗೆ ಬೇಡವಾದುವೆಂದು ತಿಳಿದಾಗ, ಅವನ್ನು ನಮ್ಮ ದೇಶಕ್ಕೆ ಕೊಡಿರೆಂದು ಸ್ವರೂಪರು ಕೇಳಿದರು. ಕೊಟ್ಟರು.

ಸ್ಟ್ಯಾನ್‌ಫರ್ಡಿನಲ್ಲಿ ಡಾಕ್ಟರೇಟ್ ಮುಗಿಸಿದ ೧೯೬೧ರಲ್ಲಿ ಸ್ವರೂಪರೂ, ಹೊರದೇಶಗಳಲ್ಲಿದ್ದ ಮೆನನ್, ಕುಂಡು, ಕೃಷ್ಣನ್ ಎಂಬ ಇನ್ನು ಮೂವರೂ ಕೂಡಿ ಭಾರತದ ಕೆಲವು ಸಂಸ್ಥೆಗಳಿಗೆ ಒಂದು ಪತ್ರ ಬರೆದರು: ನಾವು ಒಟ್ಟಾಗಿ ಬಂದು ರೇಡಿಯೋ ಖಗೋಳ ವಿಜ್ಞಾನದ ಕೇಂದ್ರ ಕಟ್ಟಲು ಸಿದ್ಧರಿದ್ದೇವೆ ಎಂದು. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಹೋಮಿ ಭಾಭಾ ಮರುವರ್ಷದ ಆರಂಭದಲ್ಲಿಯೇ ತಂತಿಯ ಮೂಲಕ ಒಪ್ಪಿಗೆ ತಿಳಿಸಿದರು. ೧೯೬೩ರಲ್ಲಿ ಸ್ವರೂಪರು ಮುಂಬಯಿಗೆ ಬಂದರು. ಅವರೊಡನೆ ಕೆಲಸಕ್ಕೆ ಸೇರಿದವರಲ್ಲಿ ಬಹುಮಂದಿ ಆಗತಾನೆ ಓದು ಮುಗಿಸಿದ ತರುಣರು. ರೇಡಿಯೋ ದೂರದರ್ಶಕವನ್ನು ಕಣ್ಣಿನಿಂದ ಕಂಡವರೇ ಅವರಲ್ಲಿ ವಿರಳ.

ಇಂಥವರನ್ನು ನೇರವಾಗಿ ಬೆಟ್ಟಕ್ಕೆ ಕರೆದೊಯ್ಯಲಿಲ್ಲ. ಮೊದಲು ಮುಂಬಯಿಯ ಹತ್ತಿರದ ಕಲ್ಯಾಣದಲ್ಲಿ ಆ ಹಳೆಯ ೩೨ ತಟ್ಟೆಗಳನ್ನೇ ಜೋಡಿಸಲಾಯಿತು. ೧೯೬೫ರಲ್ಲಿ ಅದು ಸೂರ್ಯನನ್ನು ನೋಡತೊಡಗಿತು. ವಿಜ್ಞಾನದ ಫಲ ಅದರಿಂದ ಬಂದಿತು, ನಿಜ; ಆದರೆ ನನ್ನ ಎಣಿಕೆಯಲ್ಲಿ ಅದರ ದೊಡ್ಡ ಫಲವೆಂದರೆ ಸಣ್ಣದರಲ್ಲಿ ಕೈ ಪಳಗಿದ ಒಂದು ತಂಡ. ದೊಡ್ಡದು ಉದಕಮಂಡಲದಲ್ಲಿ ಕಾದಿತ್ತು.

ಆ ದೊಡ್ಡದರ ಕಲ್ಪನೆ ಬಹಳ ಚೆಲುವಾದುದು. ಭೂಮಿಯ ಅಕ್ಷಕ್ಕೆ ಸಮಾಂತರವಾದ ಅಕ್ಷದ ಸುತ್ತ ದೂರದರ್ಶಕವನ್ನು ತಿರುಗಿಸಿದರೆ, ಒಂದೇ ಚಲನೆಯಿಂದ ನಕ್ಷತ್ರವನ್ನು ಹಿಂಬಾಲಿಸಬಹುದು. ಆದರೆ ಅರ್ಧ ಕಿಲೋಮೀಟರ್ ಉದ್ದದ ಅಕ್ಷವನ್ನು ಓರೆಯಾಗಿ ಎತ್ತಿ ನಿಲ್ಲಿಸುವುದು ಹೇಗೆ? ಉದಕಮಂಡಲದ ಅಕ್ಷಾಂಶ ಸುಮಾರು ೧೧ ಡಿಗ್ರಿ. ಉತ್ತರ ದಕ್ಷಿಣವಾಗಿ ೧೧ ಡಿಗ್ರಿಯಷ್ಟೇ ಇಳಿಜಾರಾದ ಗುಡ್ಡವೊಂದು ಸಿಕ್ಕಿದರೆ, ಅಕ್ಷವನ್ನು ನೆಲದ ಮೇಲೆ ಮಲಗಿಸಿದರಾಯಿತು! ಅಂಥ ಗುಡ್ಡ ಮುತ್ತೊರೆಯ ಬಳಿ ದೊರೆಯಿತು. ಅದರ ಮೇಲೆ ೫೩೦ ಮೀಟರ್ ಉದ್ದ, ೩೦ ಮೀಟರ್ ಅಗಲದ ಪರವಲಯಾಕಾರದ ತೊಟ್ಟಿಯಂಥ ರಚನೆ ಎದ್ದಿತು. ಉಕ್ಕಿನ ೨೪ ಚೌಕಟ್ಟುಗಳು ಅದನ್ನು ಹೊತ್ತಿವೆ. ನಿಷ್ಪಕ್ಷಪಾತವಾಗಿ ಹೇಳಬೇಕಾದರೆ ಇಲ್ಲಿ ಅರ್ಧ ಕೆಲಸವನ್ನು ನೀಲಗಿರಿಯೇ ಮಾಡಿಕೊಟ್ಟಿತು.

ಪ್ರತಿಫಲಿಸುವ ಮೇಲ್ಮೈ ತಗಡಿನದಲ್ಲ. ತುಕ್ಕು ಹಿಡಿಯದ ಉಕ್ಕಿನ ೧,೧೦೦ ಸಣ್ಣ ತಂತಿಗಳು ಮಾತ್ರ. ತಂತಿಗಳ ನಡುವೆ ಎರಡು ಮೂರು ಸೆಂಟಿಮೀಟರಿನಷ್ಟು ಸಂದು ಉಂಟು. ಸಂದಿನಲ್ಲಿ ತರಂಗ ನುಸುಳಿಹೋಗುವುದಿಲ್ಲವೆ? ಇಲ್ಲ. ಈ ದೂರದರ್ಶಕವು ಹಿಡಿಯುವುದು ೩೨೬.೫ ಮೆಗಾಹರ್ಟ್ಸಿನ ತರಂಗಗಳನ್ನು; ಅವುಗಳ ಉದ್ದ ೯೨ ಸೆಂಟಿಮೀಟರ್. ಸಂದು ತರಂಗದ ಉದ್ದಕ್ಕಿಂತ ಬಹಳ ಸಣ್ಣದಾದಾಗ ಬಲೆಯೂ ಕನ್ನಡಿಯೂ ತರಂಗಕ್ಕೆ ಒಂದೇ. ಗಾಳಿಯು ಬಲೆಯ ಮೂಲಕ ಹಾದುಹೋಗುತ್ತದಾದ್ದರಿಂದ ರಚನೆ ಹಗುರವಾಗಿದ್ದರೂ ತಡೆಯುತ್ತದೆ.

ಇನ್ನೂ ಒಂದು ಅನುಕೂಲವಿದೆ. ಕನ್ನಡಿಯ ಮೇಲ್ಮೈ ತನ್ನ ಸರಿಯಾದ ಆಕಾರದಿಂದ ತರಂಗದ ಇಪ್ಪತ್ತನೆಯ ಒಂದು ಭಾಗದಷ್ಟು ತಪ್ಪಿದರೂ ಮೂರನೆಯ ಎರಡು ಭಾಗದಷ್ಟು ಶಕ್ತಿ ನಾಭಿಯಲ್ಲಿ ಕೂಡಿಯೇ ಕೂಡುತ್ತದೆ. ಬೆಳಕಿಗೆ ಈ ಲೆಕ್ಕ ಹಾಕಿದರೆ, ಮೀಟರಿನ ನಾಲ್ಕು ಕೋಟಿಯ ಒಂದು ಪಾಲಿಗಿಂತ ಹೆಚ್ಚು ತಪ್ಪುವಂತಿಲ್ಲ. ೯೨ ಸೆಂಟಿಮೀಟರಿನ ತರಂಗಕ್ಕಾದರೋ ನಾಲ್ಕು ಸೆಂಟಿಮೀಟರ್ ತಪ್ಪಿದರೂ ನಡೆಯುತ್ತದೆ! ಬಡ ದೇಶವೊಂದು ತನ್ನ ಕಾರ್ಖಾನೆಗಳಲ್ಲಿಯೇ, ತನ್ನ ತರುಣರ ಕೈಯಿಂದಲೇ ಜಗತ್ತಿನ ದೊಡ್ಡ ಉಪಕರಣಗಳಲ್ಲೊಂದನ್ನು ಕಟ್ಟಲು ಸಾಧ್ಯವಾದುದರ ಗುಟ್ಟು ಈ ಆಯ್ಕೆಯಲ್ಲಿದೆ. ನಾಯಕನಾದವನ ಮೊದಲ ಕೆಲಸ ತನ್ನ ತಂಡಕ್ಕೆ ಸಾಧ್ಯವಾಗುವ ಪ್ರಶ್ನೆಯನ್ನು ಆರಿಸುವುದು. ಹುರಿದುಂಬಿಸುವ ಮಾತೆಲ್ಲ ಆಮೇಲಿನದು.

ಎರಡನೆಯ ಕೆಲಸ ತಪ್ಪುಗಳನ್ನು ಹಂಚುವುದು. ಇದು ವಿಚಿತ್ರವಾಗಿ ಕೇಳಿಸಬಹುದು. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಒಟ್ಟಿನಲ್ಲಿ ನಾಲ್ಕು ಸೆಂಟಿಮೀಟರ್ ತಪ್ಪಬಹುದು; ಅಡಿಪಾಯದವರು, ಚೌಕಟ್ಟಿನವರು, ತಂತಿಯವರು, ನಾಭಿಯಲ್ಲಿ ಡೈಪೋಲು ಕೂರಿಸುವವರು ಎಂದು ನಾಲ್ಕು ಗುಂಪುಗಳಿವೆ. ಒಬ್ಬೊಬ್ಬರಿಗೆ ಒಂದು ಸೆಂಟಿಮೀಟರ್ ಕೊಡಬೇಕೇ? ಬೇಡ. ಒಬ್ಬರ ತಪ್ಪಿಗೂ ಇನ್ನೊಬ್ಬರ ತಪ್ಪಿಗೂ ಸಂಬಂಧವಿಲ್ಲದಿದ್ದರೆ, ಅವುಗಳ ವರ್ಗಗಳು ಕೂಡುತ್ತವೆ. ಎರಡರ ವರ್ಗ ನಾಲ್ಕು. ನಾಲ್ಕು ನಾಲ್ಕಲೆ ಹದಿನಾರು. ಅದರ ವರ್ಗಮೂಲ ನಾಲ್ಕು. ಒಬ್ಬೊಬ್ಬರಿಗೂ ಎರಡು ಸೆಂಟಿಮೀಟರ್ ಕೊಡಬಹುದು. ಯಾರಾದರೊಬ್ಬರು ತಮ್ಮ ಪಾಲನ್ನು ಮೀರಿ ನಾಲ್ಕನ್ನೂ ನುಂಗಿದರೆ ಉಳಿದ ಮೂವರ ದುಡಿಮೆ ವ್ಯರ್ಥ. ಹೀಗಾಗಿ ಯಾವ ಗುಂಪು ಎಷ್ಟು ತಪ್ಪಿತೆಂಬುದನ್ನು ಮುಚ್ಚಿಡದೆ ಹೇಳುವ ಧೈರ್ಯ ಎಲ್ಲರಿಗೂ ಇರಬೇಕು. ಹೇಳಿದವನನ್ನು ಗದರಿಸದಿರುವ ಬುದ್ಧಿ ಮುಖಂಡನಿಗಿರಬೇಕು.

ನಾಭಿಯ ಉದ್ದಕ್ಕೂ ೧,೦೫೬ ಡೈಪೋಲುಗಳಿವೆ. ಅವೆಲ್ಲದರ ಸಂಕೇತಗಳು ಹೆಜ್ಜೆ ತಪ್ಪದೆ ಒಂದೆಡೆ ಸೇರಬೇಕು. ಸಾಮಾನ್ಯವಾದ ಕೇಬಲಿನಲ್ಲಿ ತರಂಗದ ವೇಗ ಬಯಲಿನಲ್ಲಿರುವುದರ ಮೂರನೆಯ ಎರಡು ಭಾಗದಷ್ಟು. ಆದುದರಿಂದ ೯೨ ಸೆಂಟಿಮೀಟರಿನ ತರಂಗವು ಅದರೊಳಗೆ ಸುಮಾರು ೬೦ ಸೆಂಟಿಮೀಟರಿಗೆ ಕುಗ್ಗುತ್ತದೆ. ಕೇಬಲನ್ನು ಕತ್ತರಿಸುವಾಗ ಆರು ಸೆಂಟಿಮೀಟರ್ ಹೆಚ್ಚು ಕಡಮೆಯಾದರೆ ೩೬ ಡಿಗ್ರಿ ಹೆಜ್ಜೆ ತಪ್ಪಿದಂತೆ. ಇಂಥ ಜಾಗರೂಕತೆಯನ್ನು ಬೇಡುವ ಎಲೆಕ್ಟ್ರಾನಿಕ್ಸ್ ಭಾಗಗಳನ್ನೆಲ್ಲ ಆ ತಂಡವೇ ಮಾಡಿತು.

೧೯೬೬ರ ಜನವರಿಯಲ್ಲಿ ಭಾಭಾ ವಿಮಾನಾಪಘಾತದಲ್ಲಿ ತೀರಿಕೊಂಡರು, ಕೆಲಸ ನಿಲ್ಲಲಿಲ್ಲ. ೧೯೭೦ರಲ್ಲಿ ದೂರದರ್ಶಕವು ಸಿದ್ಧವಾಯಿತು. ಅದರ ಮುಖ್ಯ ಉದ್ದೇಶ ಚಂದ್ರನ ಸಹಾಯದಿಂದ ದೂರದ ರೇಡಿಯೋ ಮೂಲಗಳ ಗಾತ್ರವನ್ನು ಅಳೆಯುವುದು. ೫೩೦ ಮೀಟರಿನ ಉಪಕರಣಕ್ಕೂ ಈ ತರಂಗದಲ್ಲಿ ಆರು ಕಲೆಗಿಂತ ಸೂಕ್ಷ್ಮವಾದುದು ಕಾಣದು. ಆದರೆ ಚಂದ್ರನು ಆಕಾಶದಲ್ಲಿ ಸೆಕೆಂಡಿಗೆ ಅರ್ಧ ವಿಕಲೆಯಷ್ಟು ಮಾತ್ರ ಸರಿಯುತ್ತಾನೆ. ಅವನ ಅಂಚು ಮೂಲವೊಂದನ್ನು ಮರೆಮಾಡುವಾಗ ಸಂಕೇತ ಹೇಗೆ ಕುಗ್ಗಿತೆಂಬುದನ್ನು ಕಾಲದೊಡನೆ ಅಳೆದರೆ, ವಿಕಲೆಗಳ ಲೆಕ್ಕದಲ್ಲಿ ಗಾತ್ರ ಸಿಗುತ್ತದೆ. ಹೀಗೆ ಸಾವಿರದಷ್ಟು ಮೂಲಗಳನ್ನು ನೋಡಿದಾಗ, ಕ್ಷೀಣವಾದವು ಗಾತ್ರದಲ್ಲಿಯೂ ಸಣ್ಣವೆಂದು ಕಂಡಿತು. ೧೯೭೫ರಲ್ಲಿ ಸ್ವರೂಪ್ ಮತ್ತು ವಿಜಯ್ ಕಪಾಹಿ ಪ್ರಕಟಿಸಿದ ಈ ಫಲಿತಾಂಶವು, ವಿಶ್ವವು ಎಂದೆಂದಿಗೂ ಒಂದೇ ಬಗೆಯಾಗಿಲ್ಲ, ಕಾಲಕ್ರಮದಲ್ಲಿ ಬದಲಾಗುತ್ತ ಬಂದಿದೆ ಎಂಬ ವಾದಕ್ಕೆ ಬಲ ಕೊಟ್ಟಿತು. ತರುಣನಾಗಿ ಈ ತಂಡವನ್ನು ಸೇರಿದ ಕಪಾಹಿ ಮುಂದೆ ಪುಣೆಯ ರಾಷ್ಟ್ರೀಯ ರೇಡಿಯೋ ಖಗೋಳ ಕೇಂದ್ರದ ನಿರ್ದೇಶಕರಾದರು. ೪೫ ಮೀಟರಿನ ೩೦ ತಟ್ಟೆಗಳುಳ್ಳ ಖೋಡದದ ಮಹಾ ದೂರದರ್ಶಕವನ್ನು ಕಟ್ಟಲು ಸ್ವರೂಪರು ಹೊರಟಾಗ, ಅವರ ಬಳಿ ಉದಕಮಂಡಲದಲ್ಲಿ ಪಳಗಿದ ಜನರಿದ್ದರು. ಸ್ವರೂಪರು ೨೦೨೦ರಲ್ಲಿ ನಿಧನರಾದರು.

ನಮ್ಮ ಕೆರೆಗಳಲ್ಲಿ

ಕರ್ನಾಟಕದಲ್ಲಿಯೂ ಈ ಪರಂಪರೆ ಬೆಳೆದಿದೆ. ಗೌರಿಬಿದನೂರಿನ ಬಳಿ ೧೯೭೦ರ ದಶಕದಲ್ಲಿ ಭಾರತೀಯ ಖಗೋಳ ಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನ ಸಂಸ್ಥೆ ಕೂಡಿ ಸಾವಿರ ಡೈಪೋಲುಗಳ ದೂರದರ್ಶಕವನ್ನು ಕಟ್ಟಿದವು. ಈಚಿನ ಒಂದು ಪ್ರಯೋಗವನ್ನಂತೂ ಹೇಳಲೇಬೇಕು.

೨೦೧೮ರಲ್ಲಿ ಅಮೆರಿಕದ ತಂಡವೊಂದು ಆಸ್ಟ್ರೇಲಿಯದಲ್ಲಿ ನಿಲ್ಲಿಸಿದ ಉಪಕರಣದಿಂದ, ವಿಶ್ವದ ಮೊತ್ತಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಕುರುಹನ್ನು ಕಂಡೆವೆಂದು ಸಾರಿತು. ಹೈಡ್ರೊಜನ್ನಿನ ೨೧ ಸೆಂಟಿಮೀಟರ್ ತರಂಗವು ವಿಶ್ವದೊಡನೆ ಹಿಗ್ಗಿ ಸುಮಾರು ೩.೮ ಮೀಟರ್ ಆಗಿ ನಮ್ಮನ್ನು ಮುಟ್ಟುತ್ತದೆ. ಆ ೭೮ ಮೆಗಾಹರ್ಟ್ಸಿನ ಬಳಿ ಅರ್ಧ ಕೆಲ್ವಿನ್ನಿನಷ್ಟು ಒಂದು ತಗ್ಗು ಇದೆಯೆಂಬುದು ಅವರ ಮಾತು. ಅಲ್ಲಿ ಆಕಾಶದ ಇತರ ಗದ್ದಲವೇ ಸಾವಿರ ಕೆಲ್ವಿನ್ನಿಗೂ ಮಿಕ್ಕಿದುದು. ಇಷ್ಟು ದೊಡ್ಡ ಸಂತೆಯಲ್ಲಿ ಅಷ್ಟು ಸಣ್ಣ ಪಿಸುಮಾತು ಕೇಳಿತೆಂದರೆ, ಅದು ಆಕಾಶದ್ದೋ ಉಪಕರಣದ್ದೋ ಎಂಬ ಪ್ರಶ್ನೆ ಏಳಲೇಬೇಕು.

ರಾಮನ್ ಸಂಸ್ಥೆಯವರು ‘ಸರಸ್’ ಎಂಬ ತಮ್ಮದೇ ಗ್ರಾಹಕವನ್ನು ನಿರ್ಮಿಸಿದರು. ಆಂಟೆನಾದ ಕೆಳಗಿನ ನೆಲವೇ ಅವರ ಸಂಶಯಕ್ಕೆ ಗುರಿಯಾದುದು. ಮಣ್ಣು ಪದರ ಪದರವಾಗಿರುತ್ತದೆ. ಒಂದೊಂದು ಪದರವೂ ತರಂಗವನ್ನು ಒಂದೊಂದು ಬಗೆಯಲ್ಲಿ ಹಿಂದಕ್ಕೆ ತಳ್ಳಿ, ಇಲ್ಲದ ತಗ್ಗನ್ನು ಸೃಷ್ಟಿಸಬಲ್ಲದು. ನೀರಿಗೆ ಪದರಗಳಿಲ್ಲ. ಆದುದರಿಂದ ೨೦೨೦ರ ಆರಂಭದಲ್ಲಿ ಅವರು ಉಪಕರಣವನ್ನು ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿಯ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. ೨೦೨೨ರಲ್ಲಿ ಪ್ರಕಟವಾದ ಅವರ ತೀರ್ಪು: ಹಿಂದೆ ಹೇಳಿದಂಥ ತಗ್ಗು ತಮಗೆ ಕಾಣಲಿಲ್ಲ, ನೂರಕ್ಕೆ ೯೫ಕ್ಕಿಂತ ಹೆಚ್ಚು ನಿಶ್ಚಯದಿಂದ ಅದನ್ನು ತಳ್ಳಿಹಾಕಬಹುದು. ಬೇರೆಯವರ ಅಳತೆಯನ್ನು ಪ್ರಶ್ನಿಸುವ ಅಧಿಕಾರ ಅವರಿಗೆ ಬಂದುದು ತಮ್ಮ ಉಪಕರಣದ ಪ್ರತಿಯೊಂದು ಬೆಸುಗೆಯನ್ನೂ ತಾವೇ ಬಲ್ಲವರಾಗಿದ್ದುದರಿಂದ.

ಕಾಲೇಜಿನ ವಿದ್ಯಾರ್ಥಿಗಳಿಗೂ ಇಂದು ಈ ದಾರಿ ತೆರೆದಿದೆ. ನಮ್ಮ ಆಕಾಶಗಂಗೆಯ ಹೈಡ್ರೊಜನ್ ೧೪೨೦.೪ ಮೆಗಾಹರ್ಟ್ಸಿನಲ್ಲಿ ಸೂಸುವ ತರಂಗವನ್ನು ಹಿಡಿಯಲು ಸಾಕಾಗುವ ಸಾಮಗ್ರಿ ಇಷ್ಟೆ: ಬಾಯಿ ಮುಕ್ಕಾಲು ಮೀಟರ್ ಅಗಲವಿರುವಂತೆ ತಗಡಿನಿಂದ ಮಾಡಿದ ಒಂದು ಕಹಳೆ, ಗದ್ದಲ ಕಡಮೆಯಿರುವ ಒಂದು ವರ್ಧಕ, ಬೇರೆ ತರಂಗಗಳನ್ನು ತಡೆಯುವ ಒಂದು ಸೋಸುಕ, ಗಣಕಯಂತ್ರಕ್ಕೆ ಸಿಕ್ಕಿಸುವ ಬೆರಳುದ್ದದ ರೇಡಿಯೋ ಗ್ರಾಹಕ. ಐದು ಜನ ಸೇರಿ. ಒಬ್ಬರು ಕಹಳೆ, ಒಬ್ಬರು ವರ್ಧಕ, ಒಬ್ಬರು ಗಣಕದ ಕ್ರಮವಿಧಿ, ಒಬ್ಬರು ದಿನಚರಿ. ಐದನೆಯವರು ಇವರೆಲ್ಲರೂ ಪರಸ್ಪರ ಮಾತನಾಡುವಂತೆ ನೋಡಿಕೊಳ್ಳಲಿ, ತಿಂಗಳಿಗೊಮ್ಮೆ ಕೆಲಸ ಅದಲುಬದಲಾಗಲಿ. ಅನಿಲ ನಮ್ಮ ಕಡೆಗೋ ಆಚೆಗೋ ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಿಂದ ಚಲಿಸಿದರೆ ತರಂಗದ ಆವೃತ್ತಿ ೪.೭ ಕಿಲೋಹರ್ಟ್ಸಿನಷ್ಟು ಸರಿಯುತ್ತದೆ; ಹೀಗೆ ಆಕಾಶಗಂಗೆಯ ತಿರುಗುವಿಕೆಯನ್ನು ಮಹಡಿಯ ಮೇಲಿಂದಲೇ ಅಳೆಯಬಹುದು.

ಆದರೆ ಪರದೆಯ ಮೇಲೆ ಉಬ್ಬೊಂದು ಕಂಡೊಡನೆ ಹಿಗ್ಗಬೇಡಿ. ಕಹಳೆಯನ್ನು ಕದಲಿಸದೆ ನೆತ್ತಿಯ ಕಡೆಗೆ ನಿಲ್ಲಿಸಿ, ಒಂದು ವಾರ ಕಾಯಿರಿ. ಉಬ್ಬು ದೊಡ್ಡದಾಗುವ ಹೊತ್ತು ದಿನಕ್ಕೆ ನಾಲ್ಕು ನಿಮಿಷದಂತೆ ಹಿಂದೆ ಸರಿದು, ವಾರದ ಕೊನೆಗೆ ಸುಮಾರು ಅರ್ಧ ಗಂಟೆ ಮೊದಲೇ ಬಂದರೆ ಅದು ಆಕಾಶಗಂಗೆ. ದಿನವೂ ಸಂಜೆ ಆರೂವರೆಗೇ ಬರುತ್ತಿದ್ದರೆ, ಪಕ್ಕದ ಬೀದಿಯ ದೀಪಗಳು ಯಾವಾಗ ಹೊತ್ತುತ್ತವೆಂದು ವಿಚಾರಿಸಿ ನೋಡಿ.